ಮಾರಿಪ್ರೊಫಂಡಸ್: ಕಬ್ಬಿಣದಿಂದ ಬದುಕುವ ಸಾಗರ ಬ್ಯಾಕ್ಟೀರಿಯಾ ಮತ್ತು ಅದರ ಬಂಧುಬಳಗ

ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ, ಆಗ ಸಿಗುವ ಅಲ್ಪ ಶಕ್ತಿಯಿಂದಲೇ ಬಾಳುವ ಸಮುದ್ರ ಬ್ಯಾಕ್ಟೀರಿಯಾಗಳ ಒಂದು ಜಾತಿ ಮಾರಿಪ್ರೊಫಂಡಸ್. ಇದರ ಮೊದಲ ಪ್ರಭೇದವಾದ ಮಾರಿಪ್ರೊಫಂಡಸ್ ಫೆರೊಆಕ್ಸಿಡಾನ್ಸ್ ಹವಾಯಿ ದ್ವೀಪದ ಬಳಿ, ಸಮುದ್ರದಡಿಯ ಲೋಯಿಹಿ ಜ್ವಾಲಾಮುಖಿಯಲ್ಲಿ ದೊರೆಯಿತು. ಡೇವಿಡ್ ಎಮರ್ಸನ್ ಮತ್ತು ಸಂಗಡಿಗರು 2007ರಲ್ಲಿ ಅದರ ವಿವರ ಪ್ರಕಟಿಸಿ, ಈ ಒಂದು ಜೀವಿಗಾಗಿ ಜೀಟಾಪ್ರೋಟಿಯೋಬ್ಯಾಕ್ಟೀರಿಯಾ ಎಂಬ ಹೊಸ ವರ್ಗವನ್ನೇ ಸೂಚಿಸಿದರು. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯವರಿಗೆ ಇದು ದೂರದ ಸಂಗತಿಯೆಂದು ತೋರಬಹುದು. ಆದರೆ ಆ ಸೀಮೆಯ ಪಶ್ಚಿಮಕ್ಕೆ ಎದ್ದು ನಿಂತ ಬಾಬಾಬುಡನ್ ಶ್ರೇಣಿಯ ನೆತ್ತಿಯಲ್ಲಿರುವ ಕಬ್ಬಿಣದ ಕಲ್ಲು ಒಂದು ಕಾಲಕ್ಕೆ ಸಮುದ್ರತಳದ ಗಸಿ. ಅದನ್ನು ಅಲ್ಲಿ ಕೂರಿಸಿದವರು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ಮಾರಿಪ್ರೊಫಂಡಸ್‌ನಂಥ ಜೀವಿಗಳ ಹೆಸರು ಕೇಳಿಬರುತ್ತದೆ. ಹೆಸರೆತ್ತುವ ಮುನ್ನ ಆ ಹೆಸರು ಯಾವುದರ ಮೇಲೆ ನಿಂತಿದೆ ಎಂದು ನೋಡಬೇಕು. ಬ್ಯಾಕ್ಟೀರಿಯಾದ ನೆಲೆಯಾಗಲಿ ರೂಪವಾಗಲಿ ಕಸುಬಾಗಲಿ ಅದರ ವಂಶವನ್ನು ಹೇಳುವುದಿಲ್ಲ. ವಂಶ ತಿಳಿಯುವುದು ವಂಶವಾಹಿಗಳ ಒಟ್ಟು ಸಾಕ್ಷ್ಯದಿಂದ. ಕಲ್ಲು ನಮಗೆ ಉಳಿಸಿಕೊಟ್ಟಿರುವುದು, ಹೆಚ್ಚೆಂದರೆ, ಕಸುಬಿನ ಗುರುತನ್ನು.

ಕಡೂರಿನ ಬಯಲು ಬಹುಪಾಲು ಹಳೆಯ ನೈಸ್ ಶಿಲೆಯದು. ಪಶ್ಚಿಮಕ್ಕೆ ಹೋದಂತೆ ಈ ತಳಪಾಯದ ಮೇಲೆ ಕೂತ ಬಾಬಾಬುಡನ್ ಶಿಲಾಸಮೂಹ ಎದುರಾಗುತ್ತದೆ. ಭೂವಿಜ್ಞಾನಿಗಳು ಅದರ ಪದರಗಳಿಗೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ಅಲ್ಲಿನ ಊರು ಬೆಟ್ಟಗಳ ಹೆಸರನ್ನೇ ಇಟ್ಟಿದ್ದಾರೆ. ಅಜ್ಜಂಪುರದ ಕಡೆಗೂ, ಇದೇ ಸಮೂಹ ಸೇರಿದ ಧಾರವಾಡ ಶಿಲಾವ್ಯೂಹದ ಶಿಸ್ಟ್ ಪಟ್ಟಿಗಳು ಹಬ್ಬಿವೆ. ನಮ್ಮ ವಿಷಯಕ್ಕೆ ಬೇಕಾದವು ತೀರ ಕೆಳಗಿನ ಮತ್ತು ತೀರ ಮೇಲಿನ ಪದರಗಳು. ಕೆಳಗಿನ ಕಳಸಾಪುರ ಪದರದ ಬೆಣಚು ಗುಂಡುಗಳ ಮಿಶ್ರಶಿಲೆಯಲ್ಲಿ ಪೈರೈಟಿನ ಕಣಗಳು ಹೊಳೆಯ ಮರಳಿನ ಜೊತೆ ಉರುಳಿ ಬಂದು ಸೇರಿಕೊಂಡಿವೆ. ಇಂದಿನ ಗಾಳಿಯಲ್ಲಿ ಪೈರೈಟ್ ಅಷ್ಟು ದೂರ ಉರುಳಿ ಬರುವಷ್ಟರಲ್ಲಿ ತುಕ್ಕಾಗಿ ಕರಗಿಹೋಗುತ್ತಿತ್ತು. ಅಂದರೆ ಅಂದಿನ ವಾಯುಮಂಡಲದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಮುಳ್ಳಯ್ಯನಗಿರಿ ಪದರದಲ್ಲಿರುವುದು ಪಟ್ಟೆ ಕಬ್ಬಿಣಶಿಲೆ. ಅದರ ಮುರಿದ ಮುಖದಲ್ಲಿ ಉಕ್ಕಿನ ಬಣ್ಣದ ಹೆಮಟೈಟ್ ಅಥವಾ ಮ್ಯಾಗ್ನಟೈಟ್ ಗೆರೆ, ಅದರ ಮೇಲೆ ಬಿಳಿ ಇಲ್ಲವೇ ಕೆಂಪು ಬೆಣಚಿನ ಗೆರೆ, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಗೆರೆಗಳು ಕೆಲವೆಡೆ ಮಿಲಿಮೀಟರಿನಷ್ಟು ತೆಳು, ಕೆಲವೆಡೆ ಬೆರಳಿನಷ್ಟು ದಪ್ಪ. ಈ ಪದರದ ಬುಡದಲ್ಲಿ ಸಿಕ್ಕ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳುಗಳಿಗೆ ಟ್ರೆಂಡಾಲ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಸುಮಾರು 272 ಕೋಟಿ ವರ್ಷದ ವಯಸ್ಸು ನಿಗದಿ ಮಾಡಿದರು. ಇದೇ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಗಿ ಮೈಸೂರಿನ ಕಬ್ಬಿಣವಾಯಿತು. ಆಮ್ಲಜನಕವಿಲ್ಲದ ಲೋಕದಲ್ಲಿ ಇಷ್ಟೊಂದು ಕಬ್ಬಿಣ ತುಕ್ಕಾದದ್ದು ಹೇಗೆ? ಬ್ಯಾಕ್ಟೀರಿಯಾಗಳು ಈ ಕಥೆಯೊಳಗೆ ಬರುವುದು ಈ ಪ್ರಶ್ನೆಯ ಮೂಲಕ.

ಲೋಯಿಹಿಯಲ್ಲಿ ಇಂಥ ತುಕ್ಕು ಇಂದಿಗೂ ಹುಟ್ಟುತ್ತಿದೆ. ಸುಮಾರು 1,300 ಮೀಟರ್ ಆಳದ ಪೆಲೆ ಕುಳಿಯಲ್ಲಿ ಕಬ್ಬಿಣ ತುಂಬಿದ ಬೆಚ್ಚನೆಯ ನೀರು ಜಿನುಗಿ, ಸುತ್ತಲ ಬಂಡೆಯ ಮೇಲೆ ಕಿತ್ತಳೆ ಬಣ್ಣದ ಲೋಳೆಯ ಚಾಪೆ ಹಾಸಿದಂತೆ ಬೆಳೆಯುತ್ತದೆ. 1980ರ ದಶಕದಲ್ಲೇ ಲೋಯಿಹಿಯಲ್ಲಿ ಇಂಥ ಚಾಪೆ ಕಣ್ಣಿಗೆ ಬಿದ್ದಿತ್ತು; 1990ರ ದಶಕದಲ್ಲಿ ಅದರಿಂದ ತೆಗೆದ ಕೆಲವು ವಂಶವಾಹಿ ಸರಣಿಗಳು ಪರಿಚಿತ ಗುಂಪುಗಳಿಗೆ ಹೊಂದದೆ ಉಳಿದಿದ್ದವು. ಆದರೆ ಜೀವಿ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಕಿದ ಉಪಾಯ ಸರಳ. ಪ್ರನಾಳದ ತಳದಲ್ಲಿ ಕಬ್ಬಿಣದ ಆಕರ, ನಡುವೆ ಮೆತ್ತನೆಯ ಅಗರ್, ಮೇಲೆ ಗಾಳಿ. ಕಬ್ಬಿಣ ಕೆಳಗಿನಿಂದ ಏರುತ್ತದೆ, ಆಮ್ಲಜನಕ ಮೇಲಿನಿಂದ ಇಳಿಯುತ್ತದೆ, ಎರಡೂ ಮಿತವಾಗಿ ಸಂಧಿಸುವ ಮಟ್ಟದಲ್ಲಿ ತುಕ್ಕಿನ ತೆಳು ಉಂಗುರವೊಂದು ಮೂಡುತ್ತದೆ. ಬ್ಯಾಕ್ಟೀರಿಯಾ ಬೆಳೆದದ್ದು ಆ ಉಂಗುರದಲ್ಲಿ. ಆಮ್ಲಜನಕ ಹೆಚ್ಚಾದರೆ ಕಬ್ಬಿಣ ತಾನಾಗಿಯೇ ತುಕ್ಕಾಗಿ ಜೀವಿಗೆ ಏನೂ ಉಳಿಯದು. ತೀರ ಇಲ್ಲದಿದ್ದರೆ ಉಸಿರಾಟವೇ ನಡೆಯದು. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಅವರೆಕಾಳಿನಾಕಾರದ ಕೋಶ. ಅದು ತನ್ನ ಒಳಬಾಗಿದ ಪಕ್ಕದಿಂದ ಎಳೆಗಳನ್ನು ಹೊರಬಿಡುತ್ತ ತಾನೂ ತಿರುಗುತ್ತದೆ. ಎಳೆಗಳು ಹುರಿಗೊಂಡು ಕೋಶಕ್ಕಿಂತ ಹಲವು ಪಟ್ಟು ಉದ್ದದ ತೊಟ್ಟಾಗುತ್ತವೆ. ತೊಟ್ಟು ಸಾವಯವ ವಸ್ತು, ಅದರ ಮೇಲೆ ಕಟ್ಟಿಕೊಂಡದ್ದು ಕಬ್ಬಿಣದ ಆಕ್ಸೈಡ್. ಹೀಗೆ ತುಕ್ಕನ್ನೆಲ್ಲ ತೊಟ್ಟಿಗೆ ಸಾಗಹಾಕುವುದರಿಂದ ಕೋಶ ತನ್ನ ಕಸದಲ್ಲಿ ತಾನೇ ಹೂತುಹೋಗುವುದಿಲ್ಲ.

ಇಂಥ ಹುರಿತೊಟ್ಟು ವಿಜ್ಞಾನಕ್ಕೆ ಹೊಸದಾಗಿರಲಿಲ್ಲ. ಜರ್ಮನಿಯ ಎಹ್ರೆನ್‌ಬರ್ಗ್ 1830ರ ದಶಕದಲ್ಲಿ ಸಿಹಿನೀರಿನ ತುಕ್ಕಿನ ಕೆಸರಿನಲ್ಲಿ ಇದನ್ನೇ ಕಂಡು ಹೆಸರಿಸಿದ್ದ ಜೀವಿ ಗ್ಯಾಲಿಯೊನೆಲ್ಲಾ. ತೊಟ್ಟು ಒಂದೇ, ಕೋಶದ ಆಕಾರ ಒಂದೇ, ಕಸುಬು ಒಂದೇ, ಅಲ್ಪ ಆಮ್ಲಜನಕದ ಬಯಕೆಯೂ ಒಂದೇ. ಹಳೆಯ ಪದ್ಧತಿಯಲ್ಲಿ ಲೋಯಿಹಿಯ ಜೀವಿಯನ್ನು ಗ್ಯಾಲಿಯೊನೆಲ್ಲಾದ ಉಪ್ಪುನೀರಿನ ಪ್ರಭೇದವೆಂದು ಬರೆದು ಮುಗಿಸುತ್ತಿದ್ದರು. ಅದಕ್ಕೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಅದು ತಪ್ಪಾಗುತ್ತಿತ್ತೆಂದು ತಿಳಿದದ್ದು 16ಎಸ್ ರೈಬೋಸೋಮ್ ಆರ್‌ಎನ್‌ಎ ವಂಶವಾಹಿಯಿಂದ. ಪ್ರೋಟೀನ್ ಕಟ್ಟುವ ರೈಬೋಸೋಮಿನ ಈ ಭಾಗ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಬಹಳ ನಿಧಾನ ಬದಲಾಗುತ್ತದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದೇ ಅಣುವಿನ ಹೋಲಿಕೆಯಿಂದ ಆರ್ಕಿಯಾಗಳನ್ನು ಬ್ಯಾಕ್ಟೀರಿಯಾಗಳಿಂದ ಬೇರೆ ಮಾಡಿ ತೋರಿಸಿದ್ದರು. ಆ ಅಳತೆಗೋಲಿನಲ್ಲಿ ಗ್ಯಾಲಿಯೊನೆಲ್ಲಾ ಪ್ರೋಟಿಯೋಬ್ಯಾಕ್ಟೀರಿಯಾಗಳ ಬೀಟಾ ವರ್ಗದೊಳಗೆ ಬೀಳುತ್ತದೆ; ಲೋಯಿಹಿಯ ಜೀವಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ, ಎಪ್ಸಿಲಾನ್ ಯಾವುದಕ್ಕೂ ಸೇರದೆ ಹೊರಗೆ ಒಂದು ಪ್ರತ್ಯೇಕ ಕವಲಾಗಿ ನಿಲ್ಲುತ್ತದೆ. ಇಬ್ಬರ ಮೀಸೆ ಒಂದೇ ತೆರನಾಗಿದೆಯೆಂದು ಅವರನ್ನು ದಾಯಾದಿಗಳೆಂದು ದಾಖಲೆ ಮಾಡಿದ ಹಾಗಾಗುತ್ತಿತ್ತು, ರೂಪವನ್ನೇ ನಂಬಿದ್ದರೆ.

ಒಂದೇ ಪ್ರಭೇದದ ಆಧಾರದ ಮೇಲೆ ಒಂದು ವರ್ಗವನ್ನೇ ಕಟ್ಟಿದ್ದು ದುಡುಕಲ್ಲವೇ ಎಂಬ ಆಕ್ಷೇಪಣೆಗೆ ತೂಕವಿದೆ. ಒಂಟಿ ಕವಲುಗಳು ವಂಶವೃಕ್ಷದಲ್ಲಿ ಮೋಸ ಮಾಡುವುದು ಹೊಸತಲ್ಲ: ಬೇಗ ಬದಲಾದ ಸರಣಿಗಳು ಬುಡದ ಕಡೆಗೆ ಜಾರಿ, ಇಲ್ಲದ ಪ್ರಾಚೀನತೆಯನ್ನು ನಟಿಸಬಲ್ಲವು. ಆದರೆ ಎಮರ್ಸನ್ ತಂಡದ ಕೈಯಲ್ಲಿದ್ದದ್ದು ಸಾಕಿದ ತಳಿಗಳಷ್ಟೇ ಅಲ್ಲ. ಬೇರೆ ಬೇರೆ ಕಡಲುಗಳ ತುಕ್ಕಿನ ಚಾಪೆಗಳಿಂದ ಬಂದ, ಸಾಕಲಾಗದ ಜೀವಿಗಳ ಸರಣಿಗಳೂ ಅದೇ ಕವಲಿಗೆ ಬಂದು ಸೇರುತ್ತಿದ್ದವು. ನಂತರದ ವರ್ಷಗಳು ಇನ್ನೂ ಕಠಿಣ ಪರೀಕ್ಷೆ ಒಡ್ಡಿದವು. 2018ರಿಂದ ಪ್ರಕಟವಾಗುತ್ತಿರುವ ಜಿನೋಮ್ ಆಧಾರಿತ ವರ್ಗೀಕರಣ ಕೋಶ, ನೂರಕ್ಕೂ ಹೆಚ್ಚು ಪ್ರೋಟೀನುಗಳನ್ನು ಒಟ್ಟಿಗೆ ಹೋಲಿಸಿ, ಇಡೀ ಮನೆಯ ಗೋಡೆಗಳನ್ನೇ ಸರಿಸಿತು. ಅಲ್ಲಿ ಬೀಟಾ ವರ್ಗ ತನ್ನ ಸ್ಥಾನ ಕಳೆದುಕೊಂಡು ಗಾಮಾದೊಳಗಿನ ಒಂದು ಗಣವಾಯಿತು. ಎಪ್ಸಿಲಾನ್ ಹೊರಬಿದ್ದು ಸ್ವತಂತ್ರ ವಿಭಾಗವಾಯಿತು. ಡೆಲ್ಟಾ ಹಲವು ಹೋಳಾಯಿತು. ಜೀಟಾ ಮಾತ್ರ ವರ್ಗವಾಗಿಯೇ ಉಳಿಯಿತು. ಅವಸರದ ಹೆಸರು ಇಂಥ ತಿರುವುಮುರುವಿನಲ್ಲಿ ಬದುಕುವುದು ಕಷ್ಟ.

ಹತ್ತಿರದ ನೆಂಟರು ಒಬ್ಬೊಬ್ಬರಾಗಿ ಸಿಕ್ಕಂತೆ ರೂಪದ ಸಾಕ್ಷ್ಯ ಇನ್ನಷ್ಟು ದುರ್ಬಲವಾಯಿತು. ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರಿನಿಂದ 2017ರಲ್ಲಿ ವಿವರಿಸಿದ ಮಾರಿಪ್ರೊಫಂಡಸ್ ಈಸ್ಟುವೇರಿಯಂ ಮತ್ತು ಮಾರಿಪ್ರೊಫಂಡಸ್ ಫೆರಿನಟೇಟಸ್, ಲೋಯಿಹಿಯ ಪ್ರಭೇದದ ಒಡಹುಟ್ಟುಗಳೇ. ಆದರೆ ಅವು ಬಂಡೆಗೆ ಅಂಟಿ ಕೂರುವುದಿಲ್ಲ, ನೀರಿನ ನಡುವೆ ಆಮ್ಲಜನಕ ತೀರುವ ಮಟ್ಟದಲ್ಲಿ ತೇಲುತ್ತವೆ. ಉದ್ದ ಹುರಿತೊಟ್ಟು ಅವಕ್ಕಿಲ್ಲ, ಬದಲಿಗೆ ಗಿಡ್ಡ ಜಡೆಗಳಂಥ ತುಣುಕುಗಳಿವೆ. ತೇಲಬೇಕಾದವನಿಗೆ ಉದ್ದ ತೊಟ್ಟು ಭಾರ ತಾನೆ. ಅದೇ ವರ್ಷ ಬೆಳಕಿಗೆ ಬಂದ ಘಿಯೋರ್ಸಿಯಾ ಬೈವೋರಾ ಇನ್ನೊಂದು ಜಾತಿ. ಅದು ಕಬ್ಬಿಣವನ್ನೂ ಉಣ್ಣುತ್ತದೆ, ಹೈಡ್ರೋಜನ್ ಅನಿಲವನ್ನೂ ಉಣ್ಣುತ್ತದೆ. ತೊಟ್ಟು ಹೆಣೆಯುವುದೇ ಇಲ್ಲ. ಹೀಗೆ ಒಂದೇ ವರ್ಗದೊಳಗೆ ತೊಟ್ಟು ಇರುವವೂ ಇಲ್ಲದವೂ ಇವೆ, ಬೇರೊಂದು ವರ್ಗದಲ್ಲಿ ತದ್ರೂಪದ ತೊಟ್ಟು ಇದೆ. ವರ್ಗೀಕರಣದ ಲಕ್ಷಣವೊಂದು ಒಳಗಿನವರನ್ನು ಬಿಟ್ಟು ಹೊರಗಿನವರನ್ನು ಕರೆದುಕೊಳ್ಳುವುದಾದರೆ ಅದನ್ನು ಕೈಬಿಡುವುದೇ ನ್ಯಾಯ. ನೆಲೆಯ ಪಾಡೂ ಇದೇ. ಮಾರಿಪ್ರೊಫಂಡಸ್ ಎರುಗೊ ದಡದ ನೀರಿನಲ್ಲಿ ಉಕ್ಕಿನ ಸವೆತದ ಜೊತೆ ಬೆಳೆಯುವ ಪ್ರಭೇದ. ಬಂದರು, ಸೇತುವೆ, ಹಡಗು ಕಟ್ಟುವವರಿಗೆ ಈ ಬಳಗದ ಪರಿಚಯ ಬೇಕಾಗಿರುವುದು ಅದಕ್ಕೆ. ಅಮೆರಿಕದ ಯೂಟಾ ರಾಜ್ಯದಲ್ಲಿ, ಕಡಲಿನಿಂದ ಬಹುದೂರ, ನೆಲದಡಿಯಿಂದ ಉಕ್ಕುವ ಕ್ರಿಸ್ಟಲ್ ಗೀಸರ್‌ನ ಉಪ್ಪುನೀರಿನಲ್ಲೂ ಜೀಟಾ ವರ್ಗದ ಸರಣಿಗಳು ಸಿಕ್ಕಿವೆ. ಈ ಜೀವಿಗಳಿಗೆ ಬೇಕಾದದ್ದು ಉಪ್ಪು ಮತ್ತು ಕಬ್ಬಿಣ. ಕಡಲು ಅವೆರಡೂ ಸಿಗುವ ಅತಿ ದೊಡ್ಡ ತಾಣ, ಅಷ್ಟೆ.

ಇನ್ನೂ ಗಂಭೀರವಾದ ಆಕ್ಷೇಪಣೆ ಬೇರೆಯದು. ಬ್ಯಾಕ್ಟೀರಿಯಾಗಳು ವಂಶವಾಹಿಗಳನ್ನು ತಾಯಿಯಿಂದ ಮಗಳಿಗಷ್ಟೇ ಕೊಡುವುದಿಲ್ಲ, ಪಕ್ಕದವರಿಗೂ ದಾಟಿಸುತ್ತವೆ. ಹಾಗಿರುವಾಗ ವಂಶವೃಕ್ಷ ಎಂಬ ಕಲ್ಪನೆಗೆ ಅರ್ಥವಿದೆಯೇ? ಕಬ್ಬಿಣದ ಕಸುಬೇ ಇದಕ್ಕೆ ಒಳ್ಳೆಯ ಉದಾಹರಣೆ. ಕೋಶದ ಹೊರಪೊರೆಯಲ್ಲಿ ಕೂತು ಕಬ್ಬಿಣದಿಂದ ಇಲೆಕ್ಟ್ರಾನ್ ಸೆಳೆದುಕೊಳ್ಳುವ ಸಿವೈಸಿ2 ಎಂಬ ಸೈಟೋಕ್ರೋಮ್ ಮಾರಿಪ್ರೊಫಂಡಸ್‌ನಲ್ಲಿದೆ, ಗ್ಯಾಲಿಯೊನೆಲ್ಲಾ ಬಳಗದಲ್ಲಿದೆ, ಗಣಿಗಳ ಆಮ್ಲನೀರಿನಲ್ಲಿ ಬಾಳುವ ಆಸಿಡಿಥಿಯೋಬ್ಯಾಸಿಲಸ್‌ನಲ್ಲಿದೆ, ಬೆಳಕಿನಿಂದ ಬದುಕುವ ಕೆಲವು ಹಸಿರು ಗಂಧಕ ಬ್ಯಾಕ್ಟೀರಿಯಾಗಳಲ್ಲೂ ಇದೆ. ಈ ಪ್ರೋಟೀನಿನ ವಂಶಾವಳಿ ಬರೆದರೆ ಜೀವಿಗಳ ವಂಶಾವಳಿಗೆ ಅದು ಹೊಂದುವುದಿಲ್ಲ. ಕೈಯಿಂದ ಕೈಗೆ ದಾಟಿದ ಗುರುತು ಸ್ಪಷ್ಟ. ತೊಟ್ಟು ಹೆಣೆಯುವ ವಂಶವಾಹಿಗಳೂ ಹೀಗೆಯೇ ದಾಟಿರುವ ಸಾಧ್ಯತೆ ಇದೆ. ಇದರಿಂದ ವರ್ಗೀಕರಣ ಕುಸಿಯಿತೆಂದು ತೀರ್ಮಾನಿಸುವವರು ಒಂದು ಮಾತು ಮರೆಯುತ್ತಾರೆ: ದಾಟಿದ್ದನ್ನು ಗುರುತಿಸಬೇಕಾದರೆ ದಾಟದೆ ಉಳಿದದ್ದೊಂದು ಇರಲೇಬೇಕು. ರೈಬೋಸೋಮಿನ ಪ್ರೋಟೀನುಗಳು ಹತ್ತಾರು ಸಂಗಾತಿಗಳೊಡನೆ ಹೊಂದಿಕೊಂಡೇ ಕೆಲಸ ಮಾಡಬೇಕು. ಒಂದನ್ನು ಕಿತ್ತು ಪರರದನ್ನು ಕೂರಿಸಿದರೆ ಯಂತ್ರ ಕೆಡಬಹುದು. ಹಾಗಾಗಿ ಅವು ಬಹುಮಟ್ಟಿಗೆ ಮನೆಯಲ್ಲೇ ಉಳಿಯುತ್ತವೆ, ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಜೀಟಾ ಕವಲಿನ ವಿಷಯದಲ್ಲಿ ಆ ಸಾಕ್ಷ್ಯಗಳು ಒಮ್ಮತದವು. ಸುಲಭವಾಗಿ ಕೈಬದಲಾಗುವುದು ಕಸುಬು ಎಂದಾದರೆ ಅದು ವರ್ಗೀಕರಣಕ್ಕೆ ಆಧಾರವಾಗದು ಎಂಬ ಮಾತು ಇನ್ನಷ್ಟು ಗಟ್ಟಿಯಾಯಿತು.

ಗಡಿಗೆರೆಗಳ ಮಾತು ಸ್ವಲ್ಪ ಇರಿಸುಮುರಿಸಿನದು. ಎರಡು ತಳಿಗಳು ಒಂದೇ ಪ್ರಭೇದವೋ ಅಲ್ಲವೋ ಎಂದು ತೀರ್ಮಾನಿಸಲು 1987ರ ತಜ್ಞ ಸಮಿತಿ ಡಿಎನ್‌ಎ ಸಂಕರಣದಲ್ಲಿ ಶೇ. 70ರ ಗೆರೆ ಎಳೆಯಿತು. 1994ರಲ್ಲಿ 16ಎಸ್ ಸಾಮ್ಯ ಶೇ. 97 ಎಂದಾಯಿತು, 2006ರಲ್ಲಿ ಅದನ್ನು ಶೇ. 98.7ಕ್ಕೆ ಏರಿಸುವ ಸಲಹೆ ಬಂತು. ಈಗ ಇಡೀ ಜಿನೋಮುಗಳನ್ನು ಪಕ್ಕಪಕ್ಕ ಇಟ್ಟು, ಸರಾಸರಿ ಸಾಮ್ಯ ಶೇ. 95ರಿಂದ 96ಕ್ಕಿಂತ ಮೇಲಿದ್ದರೆ ಒಂದೇ ಪ್ರಭೇದ ಎನ್ನುತ್ತಾರೆ. ಗೆರೆ ಎಳೆದವರು ಮನುಷ್ಯರು, ಅದರಲ್ಲಿ ಅನುಮಾನವಿಲ್ಲ. ಆದರೂ 2018ರಲ್ಲಿ ಸುಮಾರು 90,000 ಜಿನೋಮುಗಳನ್ನು ಹೋಲಿಸಿದಾಗ ಶೇ. 83 ಮತ್ತು 95ರ ನಡುವೆ ಜೋಡಿಗಳು ವಿರಳವಾಗಿದ್ದವು. ಗೆರೆ ಬಿದ್ದಿರುವುದು ಬಹುಮಟ್ಟಿಗೆ ಖಾಲಿ ಜಾಗದಲ್ಲಿ. ಸಂಗ್ರಹದಲ್ಲಿ ರೋಗಕಾರಕಗಳೇ ಹೆಚ್ಚಾದ್ದರಿಂದ ಆ ಖಾಲಿ ಜಾಗ ಹುಸಿಯಿರಬಹುದೆಂದು ವಾದಿಸುವವರಿದ್ದಾರೆ, ಅದು ತಳ್ಳಿಹಾಕುವ ಮಾತಲ್ಲ. ಮೇಲಿನ ಸ್ತರಗಳಲ್ಲಿ, ಜಾತಿ ಕುಟುಂಬ ವರ್ಗಗಳಲ್ಲಿ, ಗೆರೆ ಇನ್ನೂ ಮಸುಕು. ಕವಲು ಇದೆಯೆಂಬುದು ನಿಸರ್ಗದ ಸಂಗತಿ; ಆ ಕವಲನ್ನು ವರ್ಗವೆನ್ನಬೇಕೋ ಗಣವೆನ್ನಬೇಕೋ ಎಂಬುದು ನಮ್ಮ ಒಪ್ಪಂದ. ಒಪ್ಪಂದ ಬದಲಾದರೆ ಕವಲೇನೂ ಅಳಿಯುವುದಿಲ್ಲ.

ಬಾಬಾಬುಡನ್ ಬೆಟ್ಟಗಳೇ ಇದಕ್ಕೊಂದು ಸಮಾನ ಕಥೆ ಹೇಳುತ್ತವೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 20ನೇ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ಕಬ್ಬಿಣಶಿಲೆಯೊಳಗಿನ ನೀಲಿ ಛಾಯೆಯ ಆಂಫಿಬೋಲ್ ಖನಿಜಕ್ಕೆ ಬಾಬಾಬುಡನೈಟ್ ಎಂದು ಹೆಸರಿಟ್ಟರು. ಸಂಬಂಧಿ ಖನಿಜಗಳ ರಾಸಾಯನಿಕ ಸಂಯೋಜನೆ ಸ್ಪಷ್ಟವಾದ ಮೇಲೆ, 1978ರಲ್ಲಿ ಅಂತರರಾಷ್ಟ್ರೀಯ ಖನಿಜ ನಾಮಕರಣದವರು ಆ ಹೆಸರನ್ನು ಕೈಬಿಟ್ಟು ಅದನ್ನು ಮೆಗ್ನೀಸಿಯೋರೀಬೆಕೈಟ್‌ನಲ್ಲಿ ಸೇರಿಸಿದರು. ಚಿಕ್ಕಮಗಳೂರು ಸೀಮೆಯ ಅಭಿಮಾನಕ್ಕೆ ಇದು ಕೊಂಚ ಪೆಟ್ಟೇ, ಆದರೆ ನಿರ್ಧಾರ ಸರಿಯಾದದ್ದು. ಬ್ಯಾಕ್ಟೀರಿಯಾಗಳಲ್ಲಿ ಹೆಸರಿಡುವುದಕ್ಕೇ ಮುಂಚಿತ ಷರತ್ತುಗಳು ಹೆಚ್ಚು. 1980ರ ಜನವರಿ 1ರಂದು ಹಳೆಯ ಹೆಸರುಗಳ ರಾಶಿಯನ್ನು ಬಿಟ್ಟು, ಅಂಗೀಕೃತ ಪಟ್ಟಿಯಿಂದ ಹೊಸ ಲೆಕ್ಕ ಶುರುವಾಯಿತು. ಹೊಸ ಪ್ರಭೇದದ ಮಾದರಿ ತಳಿ ಜೀವಂತವಾಗಿಯೂ ಇರಬೇಕು. ಈಗಿನ ನಿಯಮದಂತೆ ಅದನ್ನು ಎರಡು ದೇಶಗಳ ಎರಡು ಸಂಗ್ರಹಗಳಲ್ಲಿ ಇರಿಸಿ, ಕೇಳಿದ ಸಂಶೋಧಕರಿಗೆ ಕೊಡುವಂತಿರಬೇಕು. ಭಾರತದಲ್ಲಿ ಚಂಡೀಗಢದ ಎಂಟಿಸಿಸಿ, ಪುಣೆಯ ಎಂಸಿಸಿ ಅಂಥ ಸಂಗ್ರಹಗಳು. ಜೈವಿಕ ಸಂಪತ್ತು ಹೊರದೇಶಕ್ಕೆ ಹೋಗುವುದನ್ನು ನಿಯಂತ್ರಿಸುವ 2002ರ ಜೀವವೈವಿಧ್ಯ ಕಾಯ್ದೆಗೂ ಈ ಷರತ್ತಿಗೂ ಆಗಾಗ ತಿಕ್ಕಾಟ ನಡೆಯುತ್ತದೆ. ಜೀಟಾ ಬಳಗದ ಬಹುಪಾಲು ಕವಲುಗಳನ್ನು ಇದುವರೆಗೆ ಯಾರೂ ಸಾಕಿಲ್ಲ, ಆದ್ದರಿಂದ ಅವಕ್ಕೆ ವಿಧಿವತ್ತಾದ ಹೆಸರಿಲ್ಲ. 2022ರಲ್ಲಿ ಜಾರಿಗೆ ಬಂದ ಸೀಕ್‌ಕೋಡ್ ಎಂಬ ಪರ್ಯಾಯ ಸಂಹಿತೆ ಜಿನೋಮ್ ಸರಣಿಯನ್ನೇ ಮಾದರಿಯಾಗಿ ಒಪ್ಪುತ್ತದೆ. ಸಾಕಿದ ಜೀವಿಯ ಸ್ವಭಾವ ಪರೀಕ್ಷಿಸಬಹುದು, ಸರಣಿಯದನ್ನು ಊಹಿಸಬೇಕಷ್ಟೆ ಎಂಬ ಹಳಬರ ಅಸಮಾಧಾನದಲ್ಲಿ ಹುರುಳಿದೆ. ಆದರೆ ಹೆಸರಿಲ್ಲದ ಬಹುಸಂಖ್ಯಾತರನ್ನು ಹೊರಗಿಟ್ಟ ವಂಶವೃಕ್ಷವೂ ವಿಶ್ವಾಸಾರ್ಹವಲ್ಲ.

ಇನ್ನು ಮುಳ್ಳಯ್ಯನಗಿರಿಯ ಕಲ್ಲು. ಅದರ ಕಬ್ಬಿಣ ತುಕ್ಕಾದದ್ದಕ್ಕೆ ಮೂರು ದಾರಿಗಳನ್ನು ಹೇಳುತ್ತಾರೆ. ಸಯನೋಬ್ಯಾಕ್ಟೀರಿಯಾಗಳು ಬಿಟ್ಟ ಆಮ್ಲಜನಕ ಮೇಲ್ಪದರದ ನೀರಿನಲ್ಲಿ ಕಬ್ಬಿಣವನ್ನು ನೇರವಾಗಿ ತುಕ್ಕಾಗಿಸಿರಬಹುದು. ಅದೇ ಅಲ್ಪ ಆಮ್ಲಜನಕವನ್ನು ಬಳಸಿ ಮಾರಿಪ್ರೊಫಂಡಸ್ ತೆರನ ಜೀವಿಗಳು ಆ ಕೆಲಸ ಮಾಡಿರಬಹುದು. ಅಥವಾ ಆಮ್ಲಜನಕವೇ ಇಲ್ಲದೆ, ಬೆಳಕಿನ ಬಲದಿಂದ ಕಬ್ಬಿಣದ ಇಲೆಕ್ಟ್ರಾನ್ ಕಸಿಯುವ ಬ್ಯಾಕ್ಟೀರಿಯಾಗಳು ಮಾಡಿರಬಹುದು. ಮೂರನೆಯ ಬಗೆಯ ಜೀವಿಗಳು 1993ರಲ್ಲಿ ವಿಡೆಲ್ ತಂಡಕ್ಕೆ ಮೊದಲು ಸಿಕ್ಕವು; ಇಂದು ನೇರಳೆ ಬ್ಯಾಕ್ಟೀರಿಯಾಗಳಲ್ಲೂ ಹಸಿರು ಗಂಧಕ ಬ್ಯಾಕ್ಟೀರಿಯಾಗಳಲ್ಲೂ, ಅಂದರೆ ಪರಸ್ಪರ ದೂರದ ವಂಶಗಳಲ್ಲಿ, ಅವು ತಿಳಿದಿವೆ. ವಾಯುಮಂಡಲದಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಬಾಬಾಬುಡನ್ ಕಬ್ಬಿಣ ಅದಕ್ಕಿಂತ ಸುಮಾರು 32 ಕೋಟಿ ವರ್ಷ ಹಳೆಯದು. ಕಳಸಾಪುರದ ಪೈರೈಟಿನ ಸಾಕ್ಷ್ಯವನ್ನೂ ಜೊತೆಗಿಟ್ಟರೆ ಬೆಳಕಿನ ದಾರಿಯ ಕಡೆ ತಕ್ಕಡಿ ವಾಲುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಪೈರೈಟ್ ಹೇಳುವುದು ಗಾಳಿಯ ಸ್ಥಿತಿ, ಕಡಲಿನ ಮೇಲ್ಪದರದಲ್ಲಿ ಅಲ್ಲಲ್ಲಿ ಆಮ್ಲಜನಕದ ತೇಪೆಗಳಿದ್ದಿರಬಹುದು ಎಂಬ ಮರುವಾದ ನಿಲ್ಲುತ್ತದೆ. ಆದ್ದರಿಂದ ವಾಲುತ್ತದೆ ಎಂದಷ್ಟೇ ಹೇಳಬಹುದು.

ಕಲ್ಲಿನಲ್ಲಿ ಹುರಿತೊಟ್ಟಿನ ಪಳೆಯುಳಿಕೆ ಸಿಕ್ಕರೆ ವಿವಾದ ಬಗೆಹರಿಯದೇ? ಕೆನಡಾದ ನುವ್ವುಆಗಿಟ್ಟುಕ್ ಶಿಲೆಗಳಲ್ಲಿ ಕಂಡ ಕಬ್ಬಿಣದ ಕೊಳವೆ ಮತ್ತು ಎಳೆಗಳನ್ನು 2017ರಲ್ಲಿ ಕನಿಷ್ಠ 377 ಕೋಟಿ ವರ್ಷ ಹಳೆಯ ಕಬ್ಬಿಣಜೀವಿಗಳ ಅವಶೇಷವೆಂದು ಮಂಡಿಸಿದರು. ಜೀವಿಯ ನೆರವಿಲ್ಲದೆ ಬರೀ ರಾಸಾಯನಿಕ ಕ್ರಿಯೆಯಿಂದಲೂ ಅಂಥ ಕೊಳವೆಗಳು ಬೆಳೆಯುತ್ತವೆಂದು ಎರಡೇ ವರ್ಷದಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಲಾಯಿತು. ಅದು ಜೀವಿಯದೇ ಎಂದು ಒಪ್ಪಿದರೂ ಯಾವ ಜೀವಿಯದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ: ಗ್ಯಾಲಿಯೊನೆಲ್ಲಾದ ತೊಟ್ಟನ್ನೂ ಮಾರಿಪ್ರೊಫಂಡಸ್‌ನ ತೊಟ್ಟನ್ನೂ ಇಂದಿನ ಹಸಿ ಮಾದರಿಯಲ್ಲೇ ರೂಪ ನೋಡಿ ಬೇರೆ ಮಾಡುವುದು ಕಷ್ಟವಾಗಿರುವಾಗ, ಶಾಖ ಒತ್ತಡಗಳಲ್ಲಿ ರೂಪಾಂತರಗೊಂಡ ಧಾರವಾಡ ಶಿಲೆಯಲ್ಲಿ ಆ ಭೇದ ಕಾಣುವುದೆಂದು ನಿರೀಕ್ಷಿಸಲಾಗದು. ಡಿಎನ್‌ಎ ಅಷ್ಟು ಕಾಲ ಉಳಿಯುವ ಮಾತೇ ಇಲ್ಲ.

ವಂಶ ಹುಡುಕುವ ಅವಕಾಶ ಇರುವುದು ಕಲ್ಲಿನಲ್ಲಲ್ಲ, ಆ ಕಲ್ಲನ್ನು ತೊಳೆದು ಬರುವ ನೀರಿನಲ್ಲಿ. ಇದೇ ಬೆಟ್ಟಗಳ ನೀರು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬುತ್ತದೆ, ವೇದಾ ಮತ್ತು ಆವತಿಗಳಾಗಿ ಹರಿದು ಕಡೂರಿನ ಬಳಿ ವೇದಾವತಿಯಾಗುತ್ತದೆ. ಕಬ್ಬಿಣದ ನೆಲದಲ್ಲಿ ಒರತೆ ಜಿನುಗುವ ಕಡೆ, ತೋಟದ ಬಸಿಗಾಲುವೆಯಲ್ಲಿ, ಕಿತ್ತಳೆ ಬಣ್ಣದ ಜಿಗುಟು ಕೆಸರೂ ಅದರ ಮೇಲೆ ಎಣ್ಣೆಯಂಥ ಬಣ್ಣದ ಪೊರೆಯೂ ಕಟ್ಟುವುದುಂಟು. ಕಡ್ಡಿಯಿಂದ ಮುಟ್ಟಿದರೆ ಆ ಪೊರೆ ಚೂರುಚೂರಾಗಿ ಒಡೆದು ದೂರ ಸರಿಯುತ್ತದೆ. ನಿಜವಾದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕೊಳವೆಬಾವಿಯ ಪೈಪನ್ನು ಕಟ್ಟಿಸುವ ತುಕ್ಕಿನ ಲೋಳೆಯೂ ಇದೇ ಬಗೆಯದು. ಇಂಥ ಸಿಹಿನೀರಿನ ಕೆಸರಿನಲ್ಲಿ ನಿರೀಕ್ಷಿಸಬೇಕಾದದ್ದು ಗ್ಯಾಲಿಯೊನೆಲ್ಲಾ ಮತ್ತು ಲೆಪ್ಟೊಥ್ರಿಕ್ಸ್ ಬಳಗವನ್ನು, ಮಾರಿಪ್ರೊಫಂಡಸ್ಸನ್ನಲ್ಲ. ಸೂಕ್ಷ್ಮದರ್ಶಕದಲ್ಲಿ ಹುರಿತೊಟ್ಟು ಕಂಡಿತೆಂದು ಸಾಗರಜೀವಿಯ ಹೆಸರು ಬರೆಯುವುದು ಎಷ್ಟು ತಪ್ಪೋ, ಗ್ಯಾಲಿಯೊನೆಲ್ಲಾ ಎಂದು ಕಣ್ಣಂದಾಜಿನಲ್ಲೇ ಬರೆದುಬಿಡುವುದೂ ಅಷ್ಟೇ ಅಪಕ್ವ. ಕೆಸರಿನಿಂದ ಡಿಎನ್‌ಎ ತೆಗೆದು 16ಎಸ್ ಸರಣಿ ಓದಿಸಬೇಕು, ಉಂಗುರ ಮೂಡುವ ಪ್ರನಾಳದಲ್ಲಿ ಜೀವಿಯನ್ನು ಸಾಕಬೇಕು, ಅದರ ಇಡೀ ಜಿನೋಮನ್ನು ತಿಳಿದ ನೆಂಟರ ಜಿನೋಮಿನೊಡನೆ ಹೋಲಿಸಬೇಕು, ಸಾಮ್ಯ ಶೇ. 95ಕ್ಕಿಂತ ಕೆಳಗಿಳಿದರೆ ಅದು ಹೊಸ ಪ್ರಭೇದ, ಹೆಸರಿಡುವ ಕೆಲಸ ಆಮೇಲಿನದು.